ಶಾಲೆಯ ಹೊರಗೆ ಪರಿಚಯ ಬೆಳೆಸಿಕೊಂಡ ಬಗೆ: ನನ್ನ ಅನುಭವ

ಇಷ್ಟವಾದವರಿಗೆ ನಾನು ಇಷ್ಟವಿಲ್ಲ, ಕ್ಲಾಸಿನಲ್ಲಿ ಬೇರೆ ಯಾರೂ ಇಲ್ಲ, ಹೊಸಬರು ಸಿಗುವುದೂ ಇಲ್ಲ. 15ರಿಂದ 18ರ ನಡುವಿನವರ ಕೊರಗು ಹೆಚ್ಚುಕಡಿಮೆ ಇಷ್ಟರಲ್ಲೇ ಮುಗಿಯುತ್ತದೆ. ಶಾಲೆಯಲ್ಲಿ ವರ್ಷಗಟ್ಟಲೆ ಅವೇ ಮುಖಗಳು. ಯಾರು ಮುಂಗೋಪಿ, ಯಾರಿಗೆ ಯಾರನ್ನು ಕಂಡರೆ ಆಗದು ಎಂಬುದೆಲ್ಲ ಎಂದೋ ತೀರ್ಮಾನವಾಗಿರುತ್ತದೆ. ಒಬ್ಬರನ್ನು ಕೇಳಿ ‘ಇಲ್ಲ’ ಅನ್ನಿಸಿಕೊಂಡರೆ ಸಂಜೆಯೊಳಗೆ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಅಂಥ ಕಡೆ ಧೈರ್ಯ ಬಾರದಿದ್ದರೆ ಅದು ನಿಮ್ಮ ಸ್ವಭಾವದ ದೋಷವಲ್ಲ. ಅದಕ್ಕೇ ನಾನು ಮೊದಲು ಬದಲಿಸಿದ್ದು ಜಾಗವನ್ನು. ಎರಡನೆಯದಾಗಿ, ಜೋಡಿ ಹುಡುಕುವ ಯೋಚನೆಯನ್ನು ಬದಿಗಿಟ್ಟು ಗುಂಪು ಹುಡುಕಿದೆ.

ಇದಕ್ಕೆ ಆಧಾರವಿದೆ. ಡೆಕ್ಸ್ಟರ್ ಡನ್ಫಿ ಎಂಬ ಸಮಾಜವಿಜ್ಞಾನಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹದಿಹರೆಯದವರ ಗುಂಪುಗಳ ಜೊತೆ ಓಡಾಡಿ, ಕಂಡದ್ದನ್ನು 1963ರಲ್ಲಿ ಪ್ರಕಟಿಸಿದರು. ಮೊದಲು ಹುಡುಗರದೇ ಒಂದು ಗುಂಪು, ಹುಡುಗಿಯರದೇ ಒಂದು ಗುಂಪು. ಆಮೇಲೆ ಆ ಗುಂಪುಗಳು ಒಂದೇ ಕಡೆ ಸೇರತೊಡಗುತ್ತವೆ. ನಿಧಾನಕ್ಕೆ ಇಬ್ಬರೂ ಬೆರೆತ ಚಿಕ್ಕ ಚಿಕ್ಕ ಬಳಗಗಳಾಗುತ್ತವೆ. ಜೋಡಿಗಳು ಕಾಣಿಸಿಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಒಂಟಿಯಾಗಿ ನೇರ ಕೊನೆಯ ಮೆಟ್ಟಿಲಿಗೆ ಹಾರಲು ಹೋದವರೇ ಹೆಚ್ಚು ಸೋಲುವುದನ್ನು ನಾನೂ ಕಂಡಿದ್ದೇನೆ. ನಡುವಿನ ಮೆಟ್ಟಿಲನ್ನು ಕಟ್ಟಿಕೊಂಡರೆ ಅರ್ಧ ಕೆಲಸ ಆದಂತೆ. ಪ್ರೀತಿಯ ಮಾತು ಹಾಗಿರಲಿ, ಆ ಬಳಗ ಸಿಕ್ಕಿದರೆ ಒಂಟಿತನದ ಬಹುಪಾಲು ಅಲ್ಲೇ ಕರಗುತ್ತದೆ.

ಯಾವ ಗುಂಪು? ನಾನು ನಾಲ್ಕು ಸಂಗತಿ ನೋಡುತ್ತಿದ್ದೆ. ವಾರಕ್ಕೊಮ್ಮೆಯಾದರೂ ಅದೇ ಜನ ಸೇರಬೇಕು. 8ರಿಂದ 20 ಜನರಿರಬೇಕು. ಅದಕ್ಕಿಂತ ಕಡಿಮೆಯಾದರೆ ಇಬ್ಬರು ತಪ್ಪಿಸಿಕೊಂಡ ದಿನ ಬಣಬಣ, ಹೆಚ್ಚಾದರೆ ಹೆಸರು ನೆನಪಿಡುವುದೇ ಕಷ್ಟ. ಬೇರೆ ಬೇರೆ ಶಾಲೆಯ ಹುಡುಗರು, ಹುಡುಗಿಯರು ಇಬ್ಬರೂ ಇರಬೇಕು, ಜವಾಬ್ದಾರಿ ಹೊತ್ತ ಹಿರಿಯರೊಬ್ಬರ ಕಣ್ಣಳತೆಯಲ್ಲಿ ನಡೆಯಬೇಕು. ನಾಲ್ಕನೆಯದೇ ಮುಖ್ಯ: ಒಬ್ಬರೊಬ್ಬರ ನೆರವಿಲ್ಲದೆ ಸಾಗದ ಕೆಲಸ ಅಲ್ಲಿರಬೇಕು. ನಾಟಕದ ತಂಡ, ಸಮೂಹಗಾನ, ಚಾರಣದ ಬಳಗ, ಗ್ರಂಥಾಲಯದ ಓದುಗರ ಕೂಟ, ಮಿಶ್ರ ಡಬಲ್ಸ್ ಆಡಿಸುವ ಬ್ಯಾಡ್ಮಿಂಟನ್ ತರಬೇತಿ, ಬೀದಿ ನಾಯಿಗಳ ಆರೈಕೆ ಕೇಂದ್ರದ ಸ್ವಯಂಸೇವೆ, ಇವೆಲ್ಲ ಈ ಲೆಕ್ಕಕ್ಕೆ ಸರಿಹೊಂದುತ್ತವೆ. ಸಾಲಾಗಿ ಕೂತು ಪಾಠ ಕೇಳಿ ಎದ್ದು ಬರುವ ಟ್ಯೂಷನ್, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬೆವರಿಳಿಸುವ ಜಿಮ್ ಸರಿಹೊಂದುವುದಿಲ್ಲ. ಅಲ್ಲಿ ವರ್ಷವಿಡೀ ಹೋದರೂ ಪಕ್ಕದವರ ಹೆಸರು ಗೊತ್ತಾಗುವುದಿಲ್ಲ.

ನನ್ನ ಆಯ್ಕೆ ನಾಟಕ, ಅದರಲ್ಲೂ ರಂಗದ ಹಿಂದಿನ ಕೆಲಸ. ನಾಚಿಕೆ ಸ್ವಭಾವದವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಪರದೆಯ ಚೌಕಟ್ಟಿಗೆ ಬಟ್ಟೆ ಬಿಗಿಯುವಾಗ ಒಬ್ಬರು ಬಟ್ಟೆ ಎಳೆದು ಹಿಡಿಯಬೇಕು, ಇನ್ನೊಬ್ಬರು ಮೊಳೆ ಹೊಡೆಯಬೇಕು. ಕಣ್ಣು ಬಟ್ಟೆಯ ಮೇಲೆ, ಕೈಗೆ ಕೆಲಸ. ಎದುರಿರುವವರ ಮುಖವನ್ನೇ ನೋಡುತ್ತ ಮಾತು ಹುಡುಕುವ ಸಂಕಟ ಇಲ್ಲ. ‘ಇನ್ನೊಂಚೂರು ಎಳಿ’, ‘ಸಾಕಾ?’, ‘ಈ ಮೂಲೆ ಸುಕ್ಕಾಯ್ತು ನೋಡು’ ಎನ್ನುತ್ತ ಎನ್ನುತ್ತ ಮಾತಿನ ಬಿಗಿ ತಾನಾಗಿ ಸಡಿಲವಾಗುತ್ತದೆ. ಮಧ್ಯೆ ಮೌನ ಬಂದರೂ ಅದು ಮುಜುಗರದ ಮೌನವಲ್ಲ, ಕೆಲಸದ ಮೌನ.

ಬಹಳ ಜನ ಸೇರಿದ ಮೂರ್ನಾಲ್ಕು ವಾರಕ್ಕೇ ‘ಅಲ್ಲಿ ಯಾರೂ ನನ್ನನ್ನು ಸೇರಿಸಿಕೊಳ್ಳಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಗಂಟೆಯ ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಅಮೆರಿಕದ ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬರೀ ಮುಖಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆಯ ಒಡನಾಟ ಬೇಕು, ಸ್ನೇಹಿತರು ಅನ್ನಿಸಿಕೊಳ್ಳಲು ಸುಮಾರು 90, ಆಪ್ತರಾಗಲು 200ಕ್ಕಿಂತ ಹೆಚ್ಚು. ದೊಡ್ಡವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿ ಪಡೆದ ಅಂದಾಜು ಇದು. ಹದಿಹರೆಯದಲ್ಲಿ ಗಂಟೆ ಹೆಚ್ಚುಕಡಿಮೆ ಆಗಬಹುದು, ಅಳತೆಗೋಲಾಗಿ ಸಾಕು. ವಾರಕ್ಕೆ 2 ಗಂಟೆ ಸೇರಿದರೆ 50 ಗಂಟೆಗೆ 25 ವಾರ ಹಿಡಿಯುತ್ತದೆ. ನಾಲ್ಕು ವಾರಕ್ಕೆ ಬಿಟ್ಟವರು ಕಳೆದದ್ದು ಬರೀ 8 ಗಂಟೆ. ಅಷ್ಟರಲ್ಲಿ ಯಾರೂ ಯಾರಿಗೂ ಹತ್ತಿರವಾಗುವುದಿಲ್ಲ. ನಾಟಕದ ತಾಲೀಮು ವಾರಕ್ಕೆ ಮೂರು ದಿನ ಎರಡೆರಡು ಗಂಟೆ ನಡೆದರೆ ಅದೇ 50 ಗಂಟೆ ಒಂಬತ್ತು ವಾರದೊಳಗೆ ಆಗುತ್ತದೆ. ಹೀಗಾಗಿ ಅವಸರವಿದ್ದವರು ಕೊನೆಯಲ್ಲಿ ಪ್ರದರ್ಶನವೋ ಪಂದ್ಯವೋ ಇರುವ ಗುಂಪನ್ನು ಆರಿಸಿಕೊಳ್ಳಬೇಕು.

ಆ ಅಧ್ಯಯನದಲ್ಲೇ ಇನ್ನೊಂದು ಮಾತಿದೆ: ಒಂದೇ ಕಡೆ ಕೆಲಸ ಮಾಡಿದ, ಪಾಠ ಕೇಳಿದ ಹೊತ್ತಿಗಿಂತ ಸುಮ್ಮನೆ ಜೊತೆಗೆ ಕಳೆದ ಹೊತ್ತೇ ಸ್ನೇಹವನ್ನು ಬೆಳೆಸುತ್ತದೆ. ಅಂದರೆ ಗುಂಪು ಶುರುವಾಗುವ ಮುಂಚಿನ ಮತ್ತು ಮುಗಿದ ಮೇಲಿನ ಹದಿನೈದಿಪ್ಪತ್ತು ನಿಮಿಷವೇ ನಿಜವಾದ ಸಮಯ. ಸರಿಯಾದ ಹೊತ್ತಿಗೆ ಬಂದು ಮುಗಿದ ಕೂಡಲೇ ಚೀಲ ಹೆಗಲಿಗೇರಿಸುವವರು ಅದನ್ನೇ ಕಳೆದುಕೊಳ್ಳುತ್ತಾರೆ. ಕಾಲು ಗಂಟೆ ಮುಂಚೆ ಹೋಗಿ ಕುರ್ಚಿ ಜೋಡಿಸಿ, ಮುಗಿದ ಮೇಲೆ ಕುಂಚ ತೊಳೆಯಲು ನಿಲ್ಲಿ. ಕೆಲಸದ ನೆವದಲ್ಲಿ ನಿಂತವರ ಜೊತೆ ಮಾತು ತಾನಾಗಿ ಬರುತ್ತದೆ.

ಮಾತಿನ ವಿಷಯಕ್ಕೆ ಬಂದರೆ, ಮೊದಲ ದಿನ ಮೂರು ಹೆಸರು ಕಲಿತರೆ ಸಾಕು; ಮುಂದಿನ ವಾರ ಆ ಹೆಸರು ಹಿಡಿದು ಕರೆಯಬೇಕು, ಅಷ್ಟೆ. ಚೆನ್ನಾಗಿ ಮಾತಾಡಲು ತಮಾಷೆ ಬರಬೇಕಿಲ್ಲ, ಕೇಳಿದ ಉತ್ತರದ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಕೇಳಲು ಬಂದರೆ ಸಾಕು. ಹಾರ್ವರ್ಡ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಹೀಗೆ ಉತ್ತರದ ಬೆನ್ನಿಗೇ ಪ್ರಶ್ನೆ ಕೇಳುವವರು ಎದುರಿನವರಿಗೆ ಹೆಚ್ಚು ಇಷ್ಟವಾದರು. ‘ಭಾನುವಾರ ಏನು ಮಾಡ್ದೆ?’ ‘ಅಣ್ಣನ ಜೊತೆ ಸೈಕಲ್ ರಿಪೇರಿ ಮಾಡ್ದೆ.’ ಇಲ್ಲಿ ‘ಓ, ನಾನು ಸಿನಿಮಾ ನೋಡ್ದೆ’ ಅಂದರೆ ಮಾತು ಅಲ್ಲಿಗೇ ಸತ್ತಿತು. ‘ಏನಾಗಿತ್ತು ಅದಕ್ಕೆ?’ ಅಂದರೆ ಐದು ನಿಮಿಷ ಮುಂದಕ್ಕೆ ಓಡುತ್ತದೆ. ಮುಂದಿನ ವಾರ ‘ಸೈಕಲ್ ಸರಿಹೋಯ್ತಾ?’ ಎಂದು ಕೇಳಿದರೆ ಅದರ ತೂಕವೇ ಬೇರೆ. ಆದರೆ ಒಂದರ ಮೇಲೊಂದು ಪ್ರಶ್ನೆ ಹಾಕುತ್ತಲೇ ಹೋದರೆ ಪೊಲೀಸ್ ವಿಚಾರಣೆಯಾಗುತ್ತದೆ. ಎರಡು ಪ್ರಶ್ನೆಗೊಮ್ಮೆ ನಿಮ್ಮದೂ ಒಂದು ಮಾತು ಸೇರಿಸಿ.

‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’ ಎಂಬ ಅಳುಕು ಈ ವಯಸ್ಸಿನಲ್ಲಿ ಎಲ್ಲರಿಗೂ ಇದ್ದದ್ದೇ. 2000ದಲ್ಲಿ ಪ್ರಕಟವಾದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರುವಂಥ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಜನರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಅದನ್ನು ಗಮನಿಸಿರಬೇಕು ಎಂದು ತೊಟ್ಟವರು ಅಂದುಕೊಂಡರು. ಗಮನಿಸಿದ್ದು ಕಾಲು ಭಾಗದಷ್ಟು ಜನ ಮಾತ್ರ. ಮುಖದ ಮೇಲಿನ ಮೊಡವೆ, ತೊದಲಿದ ಮಾತು ಎರಡಕ್ಕೂ ಇದೇ ಲೆಕ್ಕ ಎಂದು ನನ್ನ ನಂಬಿಕೆ.

ಇನ್ನು ಕೇಳುವ ಘಟ್ಟ. ಮೊದಲು ಸೂಚನೆ ನೋಡಿ: ನೀವಿಲ್ಲದ ದಿನ ಎಲ್ಲಿ ಹೋಗಿದ್ದೆ ಎಂದು ಅವರಾಗಿ ಕೇಳುತ್ತಾರಾ? ಮಾತು ನಿಂತಾಗ ಅವರೂ ಮುಂದುವರಿಸುತ್ತಾರಾ, ಅಥವಾ ಸದಾ ನೀವೇ ಎಳೆಯುತ್ತಿದ್ದೀರಾ? ಒಂದೊಂದೇ ಪದದ ಉತ್ತರ, ಆಗಾಗ ಫೋನಿನತ್ತ ಕಣ್ಣು ಇದ್ದರೆ ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಮೊದಲ ಕರೆಯನ್ನು ಗುಂಪಿನೊಳಗೇ ಇಡಿ: ‘ಶನಿವಾರ ನಾವು ನಾಲ್ಕು ಜನ ಚಿತ್ರಪ್ರದರ್ಶನಕ್ಕೆ ಹೋಗ್ತಿದ್ದೀವಿ, ಬರ್ತೀಯಾ?’ ಇಂಥದ್ದು ಎರಡು ಮೂರು ಸಲ ಸಲೀಸಾಗಿ ನಡೆದ ಮೇಲೆ ಮಾತ್ರ ಇಬ್ಬರೇ ಹೋಗುವ ಮಾತು. ಅದನ್ನು ಎದುರೆದುರೇ, ಸುತ್ತ ಯಾರೂ ಕಿವಿಗೊಡದ ಹೊತ್ತು ನೋಡಿ ಕೇಳಿ. ‘ನಿನ್ ಜೊತೆ ಮಾತಾಡೋದು ನಂಗೆ ಇಷ್ಟ. ಭಾನುವಾರ ಪುಸ್ತಕ ಮೇಳಕ್ಕೆ ನಾವಿಬ್ಬರೇ ಹೋಗೋಣ್ವಾ? ಬೇಡ ಅನ್ಸಿದ್ರೆ ಬೇಡ ಅನ್ನು, ಪರವಾಗಿಲ್ಲ.’ ಇಷ್ಟರಲ್ಲಿ ಇಷ್ಟ, ಜಾಗ, ದಿನ, ‘ಬೇಡ’ ಅನ್ನುವ ಸ್ವಾತಂತ್ರ್ಯ ನಾಲ್ಕೂ ಇವೆ. ಮಾರುದ್ದದ ಪ್ರೇಮಪತ್ರ, ಎಲ್ಲರೆದುರು ಮಂಡಿಯೂರುವುದು, ಗೆಳತಿಯ ಮೂಲಕ ಹೇಳಿಕಳಿಸುವುದು, ಇವು ಎದುರಿನವರಿಗೆ ಇಲ್ಲ ಅನ್ನಲು ದಾರಿಯೇ ಬಿಡುವುದಿಲ್ಲ. ದಾರಿ ಇಲ್ಲದೆ ಬಂದ ‘ಹೂಂ’ ವಾರದೊಳಗೆ ಮುರಿಯುತ್ತದೆ.

‘ಇಲ್ಲ’, ‘ನೋಡೋಣ’, ‘ಪರೀಕ್ಷೆ ಇದೆ’ ಎಂದು ಹೇಳಿ ಬೇರೆ ದಿನ ಸೂಚಿಸದೆ ಇರುವುದು, ಈ ಮೂರಕ್ಕೂ ಅರ್ಥ ಒಂದೇ. ‘ಸರಿ, ಹೇಳಿದ್ದು ಒಳ್ಳೇದಾಯ್ತು’ ಎಂದು ಮಾತು ಬದಲಿಸಿ. ಕಾರಣ ಕೇಳಬೇಡಿ, ಎರಡನೇ ಸಲ ಕೇಳಬೇಡಿ, ಗುಂಪಿನ ಬೇರೆಯವರ ಮುಂದೆ ಆಡಬೇಡಿ. ಮುಂದಿನ ವಾರ ಮಾತ್ರ ತಪ್ಪದೆ ಹೋಗಿ. ಹೆಚ್ಚಿನವರು ಎಡವುವುದು ಇಲ್ಲೇ: ಮುಖ ತೋರಿಸಲಾರದೆ ಗುಂಪನ್ನೇ ಬಿಟ್ಟು, ಕೂಡಿಟ್ಟ ಗಂಟೆಗಳನ್ನೆಲ್ಲ ಕಳೆದುಕೊಳ್ಳುತ್ತಾರೆ. ಆ ಒಂದು ದಿನ ದಾಟಿದರೆ ಎರಡು ಮೂರು ವಾರದಲ್ಲಿ ಇಬ್ಬರಿಗೂ ಮಾತು ಹಗುರವಾಗುತ್ತದೆ. ಆದರೆ ತಿಂಗಳಿಗೊಬ್ಬರಂತೆ ಒಂದೇ ಗುಂಪಿನಲ್ಲಿ ಕೇಳುತ್ತ ಹೋದರೆ ಯಾರೂ ನಿಮ್ಮ ಪಕ್ಕ ನಿಶ್ಚಿಂತೆಯಿಂದ ನಿಲ್ಲುವುದಿಲ್ಲ.

ಆನ್‌ಲೈನ್ ಪರಿಚಯದ ಬಗ್ಗೆ ನನ್ನ ನಿಲುವು ಬಿಗಿ. ಡೇಟಿಂಗ್ ಆ್ಯಪ್‌ಗಳು 18 ತುಂಬಿದವರಿಗೆ ಮಾತ್ರ. ಟಿಂಡರ್ ಕೂಡ ಮೊದಲು 13ರಿಂದ 17ರವರನ್ನು ಬಿಟ್ಟುಕೊಳ್ಳುತ್ತಿತ್ತು, 2016ರಲ್ಲಿ ಅದನ್ನು ನಿಲ್ಲಿಸಿತು. ಸುಳ್ಳು ವಯಸ್ಸು ಹಾಕಿ ಒಳಹೊಕ್ಕರೆ ಅಲ್ಲಿ ಸಿಗುವವರು ದೊಡ್ಡವರೇ. ಆಟದ ಸರ್ವರ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಪರಿಚಯವಾದ ಒಂದೇ ವಯಸ್ಸಿನವರನ್ನು ಭೇಟಿಯಾಗುವುದಿದ್ದರೆ ಮೊದಲು ವಿಡಿಯೊ ಕರೆ ಆಗಲೇಬೇಕು. ಹಗಲು ಹೊತ್ತು, ಜನರಿರುವ ಜಾಗ, ಜೊತೆಗೆ ಒಬ್ಬ ಗೆಳೆಯನೋ ಗೆಳತಿಯೋ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಮನೆಯ ಹಿರಿಯರೊಬ್ಬರಿಗೆ ಗೊತ್ತಿರಬೇಕು. ‘ಮನೇಲಿ ಹೇಳ್ಬೇಡ’ ಎನ್ನುವ ದೊಡ್ಡವರು, ಪರಿಚಯವಾದ ದಿನವೇ ಬೇರೆ ಆ್ಯಪ್‌ಗೆ ಕರೆಯುವವರು, ಕ್ಯಾಮೆರಾ ಕೆಟ್ಟಿದೆ ಎನ್ನುತ್ತಲೇ ಇರುವವರು, ಮೈ ತೋರಿಸುವ ಫೋಟೊ ಕೇಳುವವರು, ಇವರಲ್ಲಿ ಯಾರಿದ್ದರೂ ಅಲ್ಲಿಗೇ ಮಾತು ಮುಗಿಸಿ. ಫೋಟೊ ಈಗಾಗಲೇ ಕೈಜಾರಿ, ಬೆದರಿಕೆ ಬರುತ್ತಿದ್ದರೆ ಹಣ ಕೊಡಬೇಡಿ, ಕೊಟ್ಟಷ್ಟೂ ಕೇಳುತ್ತಾರೆ. ಬ್ಲಾಕ್ ಮಾಡುವ ಮೊದಲು ಖಾತೆಯ ಹೆಸರು, ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಅದೇ ದಿನ ನಂಬಿಕೆಯ ಹಿರಿಯರೊಬ್ಬರಿಗೆ ತೋರಿಸಿ. 18 ತುಂಬುವ ಮುಂಚಿನ ಫೋಟೊಗಳನ್ನು ಜಾಲತಾಣಗಳಿಂದ ತೆಗೆಸಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ 2023ರಿಂದ ಇದೆ. ಫೋಟೊವನ್ನು ಅದು ಕೇಳುವುದಿಲ್ಲ. ನಿಮ್ಮ ಫೋನಿನಲ್ಲೇ ಅದರ ಗುರುತಿನ ಸಂಖ್ಯೆ ತಯಾರಾಗುತ್ತದೆ, ಆ ಸಂಖ್ಯೆಯಷ್ಟೇ ಸೇವೆಯಲ್ಲಿ ಸೇರಿರುವ ಕಂಪನಿಗಳಿಗೆ ಹೋಗುತ್ತದೆ. ಹೆಸರು ಕೊಡಬೇಕಾಗಿಯೂ ಇಲ್ಲ.