ಲೇತಿನ ಟೂಲ್ ಹೋಲ್ಡರ್ ಸರಿಯಾಗಿ ಕೂರದಿದ್ದರೆ ಏನು ಮಾಡಬೇಕು

ತುಮಕೂರಿನ ನನ್ನ ಮನೆಯ ಹಿಂದಿನ ಶೆಡ್ಡಿನಲ್ಲಿರುವ ಸಣ್ಣ ಲೇತಿಗೆ ಕ್ವಿಕ್ ಚೇಂಜ್ ಟೂಲ್ ಪೋಸ್ಟನ್ನೂ (ಕತ್ತರಿಸುವ ಟೂಲನ್ನು ಬೇಗ ಬದಲಿಸಲು ಅನುವಾಗುವ ಕಂಬ) ಅದರ ಮೇಲೆ ಕೂತು ಟೂಲನ್ನು ಹಿಡಿಯುವ ಐದು ಹೋಲ್ಡರುಗಳನ್ನೂ ತರಿಸಿಕೊಂಡಾಗ, ಮೂರು ಹೋಲ್ಡರುಗಳು ಹಿಡಿಕೆಯ ಒಂದೇ ಸ್ಥಾನದಲ್ಲಿ ಬಿಗಿಯಾದವು. ನಾಲ್ಕನೆಯದು ಡವ್‌ಟೇಲಿನ (ಪೋಸ್ಟಿನ ಉಬ್ಬೂ ಹೋಲ್ಡರಿನ ತೋಡೂ ಒಂದಕ್ಕೊಂದು ಕೂರುವ ಓರೆ ಬದಿಯ ಜೋಡಣೆ) ಮೇಲೆ ಅರ್ಧದಾರಿಯಲ್ಲೇ ಸಿಕ್ಕಿಕೊಂಡಿತು. ಐದನೆಯದು ಹಿಡಿಕೆಯನ್ನು ಕೊನೆಯವರೆಗೆ ತಿರುಗಿಸಿದರೂ ಕೈಯಲ್ಲೇ ಅಲುಗಾಡುತ್ತಿತ್ತು. ಇಂಥ ಸಂದರ್ಭದಲ್ಲಿ ಪೋಸ್ಟಿಗೇ ಅರ ಹಾಕಿಬಿಡೋಣ ಎಂಬ ಯೋಚನೆ ಬರುವುದು ಸಹಜ. ಹಾಗೆ ಮಾಡಬಾರದು. ಪೋಸ್ಟ್ ಒಂದೇ, ಹೋಲ್ಡರುಗಳು ಹಲವು. ಪೋಸ್ಟಿನ ಅಳತೆ ಬದಲಾದರೆ ಸರಿಯಾಗಿದ್ದ ಮೂರೂ ಕೆಡುತ್ತವೆ. ಆದ್ದರಿಂದ ಪೋಸ್ಟನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಹೊಂದದ ಹೋಲ್ಡರನ್ನು ಮಾತ್ರ ತಿದ್ದಬೇಕು.

ಮೊದಲು ನಿಮ್ಮ ಪೋಸ್ಟ್ ಯಾವ ಬಗೆಯದೆಂದು ತಿಳಿದುಕೊಳ್ಳಿ. ಪಿಸ್ಟನ್ ಬಗೆಯಲ್ಲಿ ಹಿಡಿಕೆ ತಿರುಗಿಸಿದಾಗ ಒಳಗಿನ ಕ್ಯಾಮ್ (ಒಂದು ಕಡೆ ಉಬ್ಬಿದ, ತಿರುಗುವ ತುಂಡು) ಒಂದು ಪಿಸ್ಟನ್ನನ್ನು ಹೊರಕ್ಕೆ ತಳ್ಳುತ್ತದೆ. ಪಿಸ್ಟನ್ ಹೋಲ್ಡರನ್ನು ಪೋಸ್ಟಿನಿಂದ ದೂರಕ್ಕೆ ನೂಕುವುದರಿಂದ ಡವ್‌ಟೇಲಿನ ಎರಡು ಓರೆ ಮುಖಗಳು ಪರಸ್ಪರ ಕಚ್ಚಿಕೊಳ್ಳುತ್ತವೆ. ವೆಜ್ ಬಗೆಯಲ್ಲಿ ಇದಕ್ಕೆ ವಿರುದ್ಧವಾಗಿ, ಓರೆಯಾದ ವೆಜ್ (ಬೆಣೆ) ಜಾರಿ ಹೋಲ್ಡರನ್ನು ಪೋಸ್ಟಿನ ಕಡೆಗೆ ಎಳೆದು ಅದರ ಚಪ್ಪಟೆ ಮುಖಕ್ಕೆ ಒತ್ತುತ್ತದೆ. ಪಿಸ್ಟನ್ನಿಗೆ ಒಪ್ಪುವ ಮದ್ದು ವೆಜ್ಜಿಗೆ ಒಪ್ಪದಿರುವುದು ಈ ವ್ಯತ್ಯಾಸದಿಂದಲೇ.

ತಿದ್ದುವ ಮುನ್ನ ಲೇತಿನ ಪ್ಲಗ್ ಕಿತ್ತು, ಬೆಡ್ಡಿನ (ಲೇತಿನ ಭಾಗಗಳು ಜಾರುವ ಉದ್ದನೆಯ ತಳ) ಮೇಲೆ ಹಳೆಯ ದಿನಪತ್ರಿಕೆ ಹಾಸಿರಿ, ಏಕೆಂದರೆ ಉಜ್ಜುವಾಗ ಉದುರುವ ಪುಡಿ ಬೆಡ್ಡಿನ ಮೇಲೆ ಬಿದ್ದರೆ ಹೋಲ್ಡರಿಗಿಂತ ದೊಡ್ಡ ನಷ್ಟವಾಗುತ್ತದೆ. ಪೋಸ್ಟನ್ನೂ ಹೋಲ್ಡರನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಡವ್‌ಟೇಲಿನ ಅಂಚುಗಳ ಮೇಲೆ ಉಗುರನ್ನು ಎಳೆದು ನೋಡಿ. ಮಿಲ್ಲಿಂಗ್ ಆದ ಮೇಲೆ ಉಳಿದ ಬರ್ (ಲೋಹದ ಚೂಪು ಸಿಬಿರು) ಉಗುರಿಗೆ ಸಿಕ್ಕರೆ ಆಯಿಲ್ ಸ್ಟೋನಿನಿಂದ ಉಜ್ಜಿ ತೆಗೆಯಿರಿ. ಅಂಚಿನಲ್ಲಿ ಇಷ್ಟನ್ನು ಮಾತ್ರ ಪೋಸ್ಟಿಗೂ ಮಾಡಬಹುದು. ಎಷ್ಟೋ ಹೋಲ್ಡರುಗಳು ಇಲ್ಲಿಗೇ ಸರಿಹೋಗುತ್ತವೆ. ಇನ್ನೊಂದು ಸುಳ್ಳು ಲಕ್ಷಣದ ಬಗ್ಗೆಯೂ ಎಚ್ಚರಿಕೆ ಬೇಕು: ಕಂಪೌಂಡ್ ಸ್ಲೈಡಿನ (ಪೋಸ್ಟನ್ನು ಬೋಲ್ಟಿನಿಂದ ಬಿಗಿದಿರುವ ಜಾರುಭಾಗ) ಮೇಲ್ಮುಖ ಬೋಲ್ಟಿನ ಸುತ್ತ ಉಬ್ಬಿದ್ದರೆ ಇಡೀ ಪೋಸ್ಟೇ ಅಲುಗುತ್ತದೆ, ಅಪವಾದ ಮಾತ್ರ ಹೋಲ್ಡರಿನ ಮೇಲೆ ಬರುತ್ತದೆ. ಪೋಸ್ಟಿನ ಬುಡದ ನಾಲ್ಕೂ ಮೂಲೆಗಳಲ್ಲಿ 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಎಲೆ) ಹೋಗುತ್ತದೆಯೇ ಎಂದು ಪರೀಕ್ಷಿಸಿ, ಹೋದರೆ ಆ ಉಬ್ಬನ್ನು ಮೊದಲು ತೆಗೆಯಿರಿ.

ಈಗ ಅಳತೆ. ಡವ್‌ಟೇಲಿನ ಮೂಲೆಗೆ ವರ್ನಿಯರಿನ ದವಡೆಗಳನ್ನು ನೇರವಾಗಿ ಹಿಡಿದರೆ ಸಿಗುವ ಅಂಕಿಯನ್ನು ನಂಬುವಂತಿಲ್ಲ. ಒಂದೇ ವ್ಯಾಸದ ಎರಡು ಡೋವೆಲ್ ಪಿನ್ನುಗಳನ್ನು (ಉಕ್ಕಿನ ದುಂಡು ಕಡ್ಡಿಗಳು) ಹೋಲ್ಡರಿನ ಎರಡು ಮೂಲೆಗಳಲ್ಲಿ ಕೂರಿಸಿ, ಅವುಗಳ ನಡುವಿನ ಅಂತರವನ್ನು ವರ್ನಿಯರಿನ ಒಳ ದವಡೆಗಳಿಂದ ಅಳೆಯಿರಿ. ಓರೆ ಮುಖದ ಮಧ್ಯಭಾಗಕ್ಕೆ ತಾಗುವಂಥ ಪಿನ್ನನ್ನು ಆರಿಸಿಕೊಳ್ಳಬೇಕು. ಸಣ್ಣ ಹೋಲ್ಡರುಗಳಿಗೆ 6 ಮಿ.ಮೀ. ಪಿನ್ನಿನಿಂದ ಆರಂಭಿಸಬಹುದು. ಡವ್‌ಟೇಲ್ 60 ಡಿಗ್ರಿಯದಾಗಿದ್ದರೆ, ಈ ಅಂತರಕ್ಕೆ ಪಿನ್ನಿನ ವ್ಯಾಸದ 2.732 ಪಟ್ಟನ್ನು ಕೂಡಿಸಿದಾಗ ತಳದ ಪೂರ್ಣ ಅಗಲ ಸಿಗುತ್ತದೆ. ನಮಗೆ ಬೇಕಾದದ್ದು ಹೋಲಿಕೆಯಷ್ಟೇ ಆದ್ದರಿಂದ ಆ ಲೆಕ್ಕವನ್ನೂ ಬಿಡಬಹುದು: ಚೆನ್ನಾಗಿ ಕೂರುವ ಹೋಲ್ಡರಿನ ಅಂತರವನ್ನು ಬರೆದಿಟ್ಟುಕೊಂಡು, ಕೆಟ್ಟದ್ದನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಪ್ರತಿ ಹೋಲ್ಡರನ್ನೂ ಮೇಲ್ತುದಿಯಲ್ಲಿ ಒಮ್ಮೆ, ಕೆಳತುದಿಯಲ್ಲಿ ಒಮ್ಮೆ ಅಳೆಯುವುದನ್ನು ಮರೆಯಬೇಡಿ. ಸಾಧಾರಣ ಡಿಜಿಟಲ್ ವರ್ನಿಯರ್ 0.01 ಮಿ.ಮೀ. ತೋರಿಸಿದರೂ ಅದರ ಭರವಸೆ ಅಷ್ಟು ಸೂಕ್ಷ್ಮವಲ್ಲ. ಹಾಗಾಗಿ ಮೂರು ಸಲ ಅಳೆದು ನಡುವಿನ ಅಂಕಿಯನ್ನು ಇಟ್ಟುಕೊಳ್ಳಿ.

ಅಂತರ ಕಡಿಮೆಯಿದ್ದು ಹೋಲ್ಡರ್ ಸಿಕ್ಕಿಕೊಳ್ಳುತ್ತಿದ್ದರೆ, ಅದು ಎಲ್ಲಿ ತಾಗುತ್ತಿದೆ ಎಂಬುದನ್ನು ಮಾರ್ಕಿಂಗ್ ಬ್ಲೂ (ತಾಗಿದ ಜಾಗಕ್ಕೆ ಅಂಟುವ ನೀಲಿ ಬಣ್ಣ) ಹೇಳುತ್ತದೆ. ಪೋಸ್ಟಿನ ಡವ್‌ಟೇಲಿಗೆ ತೆಳುವಾಗಿ ಬ್ಲೂ ಸವರಿ, ಹೋಲ್ಡರನ್ನು ಹೋಗುವಷ್ಟು ಮಾತ್ರ ಇಳಿಸಿ ತೆಗೆಯಿರಿ. ಬಣ್ಣ ಒಳಮೂಲೆಯಲ್ಲಷ್ಟೇ ಅಂಟಿದ್ದರೆ ಓರೆ ಮುಖಗಳಲ್ಲಿ ದೋಷವಿಲ್ಲ. ಕಟ್ಟರಿನ ತುದಿ ಮೂಲೆಯಲ್ಲಿ ಉಳಿಸಿದ ದುಂಡನೆಯ ಭಾಗ ಪೋಸ್ಟಿನ ಚೂಪಾದ ಅಂಚಿಗೆ ತಡೆಯಾಗಿದೆ. ಹ್ಯಾಕ್ಸಾ ಬ್ಲೇಡಿನಿಂದ ಆ ಮೂಲೆಯಲ್ಲಿ ಸಣ್ಣ ಗೀರು ಹಾಕಿದರೆ ಸಾಕು. ಬಣ್ಣ ಓರೆ ಮುಖದ ಮೇಲೆಯೇ ಅಂಟಿದ್ದರೆ ಅಲ್ಲಿಂದ ಲೋಹ ತೆಗೆಯಬೇಕು, ಮತ್ತು ಆ ಕೆಲಸಕ್ಕೆ ಸಾಮಾನ್ಯ ತ್ರಿಕೋನ ಅರಕ್ಕಿಂತ ಒಳ್ಳೆಯ ಸಲಕರಣೆ ನನಗೆ ಸಿಕ್ಕಿಲ್ಲ. ಅದರ ಮೂರು ಮೂಲೆಗಳೂ 60 ಡಿಗ್ರಿಯವೇ. ಒಂದು ಮುಖದ ಹಲ್ಲುಗಳನ್ನು ಗ್ರೈಂಡರಿನಲ್ಲಿ ನುಣ್ಣಗೆ ಮಾಡಿಕೊಂಡರೆ, ಆ ಮುಖ ಡವ್‌ಟೇಲಿನ ತಳದ ಮೇಲೆ ಗಾಯ ಮಾಡದೆ ಜಾರುತ್ತದೆ, ಪಕ್ಕದ ಮುಖ ಓರೆಯನ್ನು ಅದರ ಕೋನದಲ್ಲೇ ಕತ್ತರಿಸುತ್ತದೆ. ಅರದ ತುದಿ ಮೊನಚಾಗುತ್ತಾ ಹೋಗುವುದರಿಂದ ಬುಡದ ಕಡೆಯ ಅರ್ಧವನ್ನು ಮಾತ್ರ ಬಳಸಿರಿ. ಎರಡೂ ಬದಿಗಳನ್ನು ಮುಟ್ಟದೆ ಒಂದೇ ಬದಿಯನ್ನು ತಿದ್ದಿ, ಹತ್ತು ಎಳೆತಕ್ಕೊಮ್ಮೆ ಅಳೆಯಿರಿ. ಅಗತ್ಯಕ್ಕಿಂತ ಹೆಚ್ಚು ತೆಗೆದರೆ ಅದೇ ಹೋಲ್ಡರ್ ಸಡಿಲವಾಗುತ್ತದೆ: ಪಿಸ್ಟನ್ ಬಗೆಯಲ್ಲಿ ಒಂದು ಬದಿಯಿಂದ 0.1 ಮಿ.ಮೀ. ತೆಗೆದಾಗ ಪಿಸ್ಟನ್ ಇನ್ನೂ 0.1 ಮಿ.ಮೀ. ಚಾಚಬೇಕಾಗುತ್ತದೆ, ಎರಡೂ ಬದಿಗಳಿಂದ ಅಷ್ಟಷ್ಟು ತೆಗೆದಾಗ 0.2 ಮಿ.ಮೀ. ಅರ ಕಚ್ಚದೆ ಜಾರಿದರೆ ಹೋಲ್ಡರ್ ಗಟ್ಟಿಮಾಡಿದ ಉಕ್ಕಿನದು. ಅದಕ್ಕೆ ಕೈಕೆಲಸ ಸಾಲದು.

ಸಡಿಲ ಹೋಲ್ಡರಿನ ವಿಚಾರದಲ್ಲಿ ಹಿಡಿಕೆಗೆ ಪೈಪು ಸಿಕ್ಕಿಸಿ ಎಳೆಯುವುದು ತಪ್ಪು. ಕ್ಯಾಮ್ ತನ್ನ ಎತ್ತರದ ಬಿಂದುವನ್ನು ದಾಟಿದ ಮೇಲೆ ಒತ್ತಡ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಪಿಸ್ಟನ್ ಬಗೆಗೆ ಶಿಮ್ (ಸಂದು ತುಂಬುವ ತೆಳು ತಗಡು) ಯೋಗ್ಯ ಪರಿಹಾರ. ಪಿನ್ನುಗಳ ಅಂತರ ಒಳ್ಳೆಯ ಹೋಲ್ಡರಿಗಿಂತ ಎಷ್ಟು ಹೆಚ್ಚಿದೆಯೋ ಅದನ್ನು 0.87ರಿಂದ ಗುಣಿಸಿದರೆ ಶಿಮ್ಮಿನ ದಪ್ಪ ಸಿಗುತ್ತದೆ. ನನ್ನ ಐದನೆಯ ಹೋಲ್ಡರಿನಲ್ಲಿ 0.23 ಮಿ.ಮೀ. ಹೆಚ್ಚಿದ್ದುದರಿಂದ 0.2 ಮಿ.ಮೀ. ಶಿಮ್ ಹೊಂದಿತು. ಹಳೆಯ ಫೀಲರ್ ಗೇಜಿನ ಎಲೆಯನ್ನು ಪಿಸ್ಟನ್ನಿನ ತಲೆಗಿಂತ ತುಸು ದೊಡ್ಡದಾಗಿ ಕತ್ತರಿಸಿ, ಅಂಚಿನ ಬರ್ ತೆಗೆದು, ಪಿಸ್ಟನ್ ಒತ್ತುವ ಜಾಗಕ್ಕೆ ಅರಾಲ್ಡೈಟಿನಿಂದ ಅಂಟಿಸಿ, ಒಂದು ರಾತ್ರಿ ಒತ್ತಿ ಇಡಿ. ಉದ್ದವಾದ ಹೊಸ ಪಿಸ್ಟನ್ ಮಾಡಿಕೊಳ್ಳುವ ಆಸೆಯನ್ನು ಬಿಡಿ, ಅದು ಉಳಿದ ಹೋಲ್ಡರುಗಳನ್ನು ಬಿಗಿಮಾಡುತ್ತದೆ. ವೆಜ್ ಬಗೆಗೆ ಶಿಮ್ ಇಡುವುದನ್ನು ನಾನು ಒಪ್ಪುವುದಿಲ್ಲ. ಲೋಹಕ್ಕೆ ಲೋಹ ಕೂರುವ ಚಪ್ಪಟೆ ಮುಖವೇ ಅದರ ಬಲ. ಅಲ್ಲಿ ಹೋಲ್ಡರನ್ನು ಬದಲಾಯಿಸುವುದೇ ಮೇಲು.

ಮೇಲ್ತುದಿಗೂ ಕೆಳತುದಿಗೂ 0.05 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹೋಲ್ಡರ್ ಒಂದು ತುದಿಯಲ್ಲಷ್ಟೇ ಕಚ್ಚಿ, ಕತ್ತರಿಸುವಾಗ ತಿರುಗಲು ನೋಡುತ್ತದೆ. ಇದನ್ನೂ ಗಟ್ಟಿಮಾಡಿದ ಹೋಲ್ಡರುಗಳನ್ನೂ ಸರ್ಫೇಸ್ ಗ್ರೈಂಡರ್ ಇರುವಲ್ಲಿಗೆ ಒಯ್ಯಬೇಕು. ನಮ್ಮಲ್ಲಿ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಬಹುದು. ಹೋಗುವಾಗ ಪೋಸ್ಟನ್ನೂ ಒಳ್ಳೆಯ ಹೋಲ್ಡರೊಂದನ್ನೂ ಜೊತೆಗೆ ಒಯ್ಯಿರಿ. ಬಾಯಿಮಾತಿನ ಅಳತೆಗಿಂತ ಕೈಗೆ ಕೊಟ್ಟ ಮಾದರಿ ಗ್ರೈಂಡಿಂಗ್ ಮಾಡುವವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೆಲಸ ಮುಗಿದ ಮೇಲೆ ಟೂಲಿನ ತುದಿಗೆ ಡಯಲ್ ಗೇಜ್ ತಾಗಿಸಿ, ಹೋಲ್ಡರನ್ನು ಐದು ಸಲ ತೆಗೆದು ಹಾಕಿರಿ. ಮುಳ್ಳು 0.02–0.03 ಮಿ.ಮೀ. ಒಳಗೆ ಅದೇ ಜಾಗಕ್ಕೆ ಮರಳುತ್ತಿದ್ದರೆ ಹವ್ಯಾಸದ ಲೇತಿಗೆ ಅದು ಸಾಕು. ಹೋಲ್ಡರಿನ ಮೇಲ್ಮುಖದಲ್ಲಿ ಸಂಖ್ಯೆಯೊಂದನ್ನು ಪಂಚ್ ಮಾಡಿ, ಪಿನ್ನುಗಳ ಅಂತರವನ್ನೂ ಶಿಮ್ಮಿನ ದಪ್ಪವನ್ನೂ ಆ ಸಂಖ್ಯೆಯ ಎದುರು ಪುಸ್ತಕದಲ್ಲಿ ಬರೆದಿಡಿ. ಮುಂದೆ ಶಿಮ್ ಕಳಚಿ ಬಿದ್ದರೆ ಮತ್ತೆ ಅಳೆಯುವ ಶ್ರಮ ಇರುವುದಿಲ್ಲ.