ಹಳೇ ಆಂಡ್ರಾಯ್ಡ್ ಫೋನ್ ರೂಟ್ ಮಾಡುವುದು: ಯಾಕೆ, ಹೇಗೆ, ಎಲ್ಲಿ ಹುಷಾರಾಗಿರಬೇಕು

ನಿಮ್ಮ ಮನೆಯಲ್ಲೂ ಒಂದು ಹಳೇ ಫೋನ್ ಇದ್ದೇ ಇರುತ್ತದೆ. ಬೀರುವಿನ ಮೂಲೆಯಲ್ಲೋ, ಟಿವಿ ಕೆಳಗಿನ ಡ್ರಾಯರ್‌ನಲ್ಲೋ. ಗಾಜು ಸ್ವಲ್ಪ ಒಡೆದಿರುತ್ತದೆ, ಅಪ್‌ಡೇಟ್ ಬರುವುದು ನಿಂತು ವರ್ಷಗಳಾಗಿರುತ್ತವೆ, ಆದರೂ ಚಾರ್ಜ್‌ಗೆ ಹಾಕಿದರೆ ಆನ್ ಆಗುತ್ತದೆ. ರೂಟ್ ಮಾಡುವುದನ್ನು ಕಲಿಯಬೇಕು ಅಂತಿದ್ದರೆ ಆ ಫೋನ್‌ನಲ್ಲೇ ಕಲಿಯಿರಿ. ದಿನಾ ದುಡ್ಡು ಕಳಿಸುವ, ಬ್ಯಾಂಕಿನ ಓಟಿಪಿ ಬರುವ ಫೋನ್ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ರೂಟ್ ಅಂದರೆ ಏನು ಅಂತ ನೋಡೋಣ. ಆಂಡ್ರಾಯ್ಡ್‌ನ ತಳದಲ್ಲಿ ಇರುವುದು ಲಿನಕ್ಸ್ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಪ್ರತಿ ಬಳಕೆದಾರನಿಗೂ ಒಂದು ನಂಬರ್ ಇರುತ್ತದೆ, ಸೊನ್ನೆ ನಂಬರಿನವನ ಹೆಸರು ರೂಟ್. ಅವನು ಯಾವ ಫೈಲ್ ಬೇಕಾದರೂ ಓದಬಹುದು, ತಿದ್ದಬಹುದು, ಅಳಿಸಬಹುದು. ಆಂಡ್ರಾಯ್ಡ್ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ನಂಬರ್ ಕೊಟ್ಟು ಅದರದರ ಕೋಣೆಯಲ್ಲೇ ಕೂರಿಸುತ್ತದೆ, ಒಂದರ ಕೋಣೆಗೆ ಇನ್ನೊಂದು ಹೋಗುವ ಹಾಗಿಲ್ಲ. ಒಳ್ಳೆಯ ವ್ಯವಸ್ಥೆಯೇ. ಆದರೆ ಕಾಸು ಕೊಟ್ಟು ಫೋನ್ ತಗೊಂಡ ನಿಮಗೂ ಆ ಸೊನ್ನೆ ನಂಬರ್ ಸಿಗುವುದಿಲ್ಲ. ಮನೆ ನಿಮ್ಮದು, ಅಟ್ಟದ ಬೀಗದ ಕೈ ಮಾತ್ರ ಕಟ್ಟಿಸಿಕೊಟ್ಟವರ ಹತ್ತಿರ ಅನ್ನುವ ಹಾಗೆ. ಆ ಬೀಗದ ಕೈ ಪಡೆಯುವುದೇ ರೂಟ್ ಮಾಡುವುದು.

ಇದು ಆಂಡ್ರಾಯ್ಡ್‌ನಷ್ಟೇ ಹಳೆಯದು. 2008ರಲ್ಲಿ ಅಮೆರಿಕದಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನ್ ಟಿ-ಮೊಬೈಲ್ ಜಿ1ರಲ್ಲಿ ಒಂದು ದೊಡ್ಡ ತೂತು ಇತ್ತು. ಕೀಬೋರ್ಡ್‌ನಲ್ಲಿ ಒತ್ತಿದ್ದೆಲ್ಲ ಒಳಗೆ ಕಾಣದ ಹಾಗೆ ಓಡುತ್ತಿದ್ದ ರೂಟ್ ಶೆಲ್‌ಗೂ (ಟೈಪ್ ಮಾಡಿದ ಕಮಾಂಡನ್ನು ರೂಟ್ ಅಧಿಕಾರದಲ್ಲಿ ನಡೆಸುವ ಪ್ರೋಗ್ರಾಂಗೂ) ಹೋಗುತ್ತಿತ್ತು. ಎಂಟರ್ ಒತ್ತಿ, ರೀಬೂಟ್ ಅಂತ ಟೈಪ್ ಮಾಡಿ, ಮತ್ತೆ ಎಂಟರ್ ಒತ್ತಿದರೆ ಫೋನ್ ನಿಜವಾಗಿಯೂ ರೀಬೂಟ್ ಆಗುತ್ತಿತ್ತು! ಗೂಗಲ್ ಬೇಗನೆ ಸರಿ ಮಾಡಿತು. ಅಷ್ಟರೊಳಗೆ ಜನ ಅದೇ ದಾರಿಯಲ್ಲಿ ರೂಟ್ ಆಗಿದ್ದರು.

ನಾನು ರೂಟ್ ಕಲಿತದ್ದು ಕನ್ನಡ ಓದುವುದಕ್ಕೆ. ಈಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ನನ್ನ ಆಂಡ್ರಾಯ್ಡ್ 2.3 ಫೋನ್‌ನಲ್ಲಿ ಕನ್ನಡದ ಸುದ್ದಿ ತೆರೆದರೆ ಬರೀ ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದವು. ಒಪೇರಾ ಮಿನಿಯಲ್ಲಿ ಅಕ್ಷರಗಳನ್ನು ಚಿತ್ರವಾಗಿ ತೋರಿಸುವ ಸೆಟ್ಟಿಂಗ್ ಒಂದಿತ್ತು, ಅದನ್ನು ಆನ್ ಮಾಡಿ ಓದುತ್ತಿದ್ದೆವು. ಆದರೆ ಮೆಸೇಜ್‌ನಲ್ಲಿ, ಬೇರೆ ಆ್ಯಪ್‌ಗಳಲ್ಲಿ ಡಬ್ಬಿಯೇ. ಆಗ ಫೋನ್ ರೂಟ್ ಮಾಡಿ, ಸಿಸ್ಟಮ್ ಫೋಲ್ಡರ್‌ನ ಒಳಗಿನ ಫಾಂಟ್ಸ್ ಫೋಲ್ಡರ್‌ಗೆ ಹೋಗಿ, ಕನ್ನಡ ಸೇರಿಸಿದ ಫಾಂಟ್ ಫೈಲ್ ಹಾಕಿ ರೀಬೂಟ್ ಮಾಡಿದೆ. ಡಬ್ಬಿ ಹೋಗಿ ಅಕ್ಷರ ಬಂತು. ಒತ್ತಕ್ಷರ ಮಾತ್ರ ಕೆಳಗೆ ಕೂರಲಿಲ್ಲ. 'ಅಮ್ಮ' ಅನ್ನುವುದು 'ಅಮ್‌ಮ' ಅಂತ ಬಿಡಿಬಿಡಿಯಾಗಿ ಕಾಣುತ್ತಿತ್ತು, ಯಾಕೆಂದರೆ ಫಾಂಟ್ ಹಾಕಿದರೂ ಅಕ್ಷರ ಕೂಡಿಸುವ ಕೆಲಸ ಆ ಆಂಡ್ರಾಯ್ಡ್‌ಗೆ ಬರುತ್ತಿರಲಿಲ್ಲ. ಹಾಗಿದ್ದರೂ ನಮ್ಮ ಭಾಷೆ ಫೋನ್‌ನಲ್ಲಿ ಕಂಡಿತಲ್ಲ ಅಂತ ಆದ ಖುಷಿ ಇವತ್ತಿಗೂ ನೆನಪಿದೆ. 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡವನ್ನು ತಾನೇ ತಂದಿತು, ಆಮೇಲೆ ಇದಕ್ಕಾಗಿ ರೂಟ್ ಬೇಕಾಗಲಿಲ್ಲ.

ಈಗ ಯಾಕೆ ಬೇಕು?

ನಿಜ ಹೇಳಬೇಕೆಂದರೆ ಮೊದಲಿನಷ್ಟು ಬೇಕಾಗಿಲ್ಲ. ಸ್ಕ್ರೀನ್ ರೆಕಾರ್ಡಿಂಗ್, ಡಾರ್ಕ್ ಮೋಡ್ ಎಲ್ಲ ಫೋನ್‌ನಲ್ಲೇ ಬರುತ್ತವೆ. ಜಾಹೀರಾತು ತಡೆಯಲು ಆಂಡ್ರಾಯ್ಡ್ 9ರಿಂದ ಪ್ರೈವೇಟ್ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆಯನ್ನು ನೀವೇ ಆರಿಸುವ ಸೆಟ್ಟಿಂಗ್) ಇದೆ, ಅಲ್ಲಿ ಜಾಹೀರಾತು ತಡೆಯುವ ಆಡ್‌ಗಾರ್ಡ್ ಸೇವೆಯ ವಿಳಾಸ ಹಾಕಿದರೆ ಅರ್ಧಕ್ಕರ್ಧ ತಲೆನೋವು ಹೋಗುತ್ತದೆ. ಕಂಪನಿ ತುಂಬಿ ಕೊಟ್ಟ ಬೇಡದ ಆ್ಯಪ್‌ಗಳನ್ನು ಕಂಪ್ಯೂಟರ್‌ನಿಂದ ಎಡಿಬಿ (ಫೋನ್‌ಗೆ ಕಮಾಂಡ್ ಕೊಡುವ ಗೂಗಲ್‌ನ ಟೂಲ್) ಮೂಲಕ ತೆಗೆಯಬಹುದು, ಅದಕ್ಕೂ ರೂಟ್ ಬೇಡ. ಇಷ್ಟೇ ನಿಮಗೆ ಸಾಕು ಅಂದರೆ ಇಲ್ಲಿಗೇ ನಿಲ್ಲಿಸಿ, ಸುಮ್ನೆ ಯಾಕೆ ರಿಸ್ಕ್?

ರೂಟ್ ಇಲ್ಲದೆ ಆಗದ ಕೆಲಸಗಳೂ ಇವೆ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಚಾರ್ಜಿಂಗ್ ಮಿತಿ. ಊರಿನಲ್ಲಿ ಅಡಿಕೆ ಒಣಗಿಸುವ ಅಂಗಳ ನೋಡಿಕೊಳ್ಳಲು ಒಂದು ಹಳೇ ಫೋನನ್ನು ಕ್ಯಾಮೆರಾ ಮಾಡಿ ಜಗುಲಿಯ ಕಂಬಕ್ಕೆ ಕಟ್ಟಿದ್ದೆ. ಇಪ್ಪತ್ನಾಲ್ಕು ಗಂಟೆ ಚಾರ್ಜರ್‌ನಲ್ಲೇ ಇರುತ್ತಿತ್ತು. ನಾಲ್ಕು ತಿಂಗಳಿಗೆ ಅಪ್ಪ ಫೋನ್ ಮಾಡಿ, "ಇದರ ಬೆನ್ನು ಪೂರಿ ತರ ಉಬ್ಬಿದೆ ನೋಡೋ" ಅಂದರು. ಹೋಗಿ ನೋಡಿದರೆ ಬ್ಯಾಟರಿ ಊದಿಕೊಂಡು ಹಿಂದಿನ ಮುಚ್ಚಳವನ್ನೇ ಎಬ್ಬಿಸಿತ್ತು. ಹಾಗೆ ಊದಿದ ಬ್ಯಾಟರಿ ಬೆಂಕಿ ಹತ್ತಬಹುದು, ಅದನ್ನು ಚುಚ್ಚಬಾರದು, ಒತ್ತಬಾರದು, ಮತ್ತೆ ಚಾರ್ಜ್‌ಗಂತೂ ಹಾಕಲೇಬಾರದು. ಯಾವಾಗಲೂ ನೂರಕ್ಕೆ ನೂರು ತುಂಬಿ, ಬಿಸಿಯಲ್ಲಿ ಕೂತರೆ ಲಿಥಿಯಂ ಬ್ಯಾಟರಿ ಬೇಗ ಹಾಳಾಗುತ್ತದೆ. ಈಗಿನ ಎಷ್ಟೋ ಫೋನ್‌ಗಳಲ್ಲಿ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆ, ಹಳೆಯವುಗಳಲ್ಲಿ ಇಲ್ಲ. ರೂಟ್ ಇದ್ದರೆ ಎಸಿಸಿ ಅನ್ನುವ ಮಾಡ್ಯೂಲ್ (ರೂಟ್ ಆದ ಫೋನ್‌ಗೆ ಸೇರಿಸುವ ಸಣ್ಣ ಜೋಡಣೆ) ಹಾಕಿ 75ಕ್ಕೆ ನಿಲ್ಲಿಸು, 70ಕ್ಕೆ ಇಳಿದ ಮೇಲೆ ಮತ್ತೆ ಶುರು ಮಾಡು ಅಂತ ಹೇಳಬಹುದು.

ಎರಡನೆಯದು ಪೂರ್ತಿ ಬ್ಯಾಕಪ್. ಮಾಮೂಲಿ ಬ್ಯಾಕಪ್‌ನಲ್ಲಿ ಎಷ್ಟೋ ಆ್ಯಪ್‌ಗಳ ಒಳಗಿನ ಡೇಟಾ ಬರುವುದೇ ಇಲ್ಲ. ಸ್ವಿಫ್ಟ್ ಬ್ಯಾಕಪ್, ನಿಯೋ ಬ್ಯಾಕಪ್ ತರದವು ರೂಟ್ ಸಿಕ್ಕರೆ ಆ್ಯಪ್ ಮತ್ತು ಅದರ ಡೇಟಾ ಎರಡನ್ನೂ ಎತ್ತಿಡುತ್ತವೆ. ಎಎಫ್‌ವಾಲ್ ಹಾಕಿದರೆ ಯಾವ ಆ್ಯಪ್‌ಗೆ ಇಂಟರ್ನೆಟ್ ಸಿಗಬೇಕು, ಯಾವುದಕ್ಕೆ ಬೇಡ ಅನ್ನುವುದನ್ನು ನೀವೇ ಟಿಕ್ ಮಾಡಿ ತೀರ್ಮಾನಿಸಬಹುದು. ಟಾರ್ಚ್ ಆ್ಯಪ್‌ಗೆ ಇಂಟರ್ನೆಟ್ ಯಾಕೆ ಬೇಕು ಹೇಳಿ? ಆಡ್‌ಅವೇ ಆ್ಯಪ್, ಯಾವ ಸೈಟಿನ ಹೆಸರು ಎಲ್ಲಿಗೆ ಹೋಗಬೇಕು ಅಂತ ಬರೆದಿರುವ ಹೋಸ್ಟ್ಸ್ ಫೈಲನ್ನೇ ಬದಲಿಸಿ ಜಾಹೀರಾತು ತಡೆಯುತ್ತದೆ. ಕಾಲ್ ರೆಕಾರ್ಡಿಂಗ್ ಇನ್ನೊಂದು. 2022ರ ಮೇ 11ರಿಂದ ಗೂಗಲ್ ಹೊಸ ನಿಯಮ ತಂದ ಮೇಲೆ ಪ್ಲೇ ಸ್ಟೋರ್‌ನ ರೆಕಾರ್ಡಿಂಗ್ ಆ್ಯಪ್‌ಗಳ ದಾರಿ ಮುಚ್ಚಿತು, ರೂಟ್ ಇದ್ದವರು ಬಿಸಿಆರ್ ಮಾಡ್ಯೂಲ್ ಬಳಸುತ್ತಾರೆ. ಎದುರಿನವರಿಗೆ ಹೇಳಿಯೇ ರೆಕಾರ್ಡ್ ಮಾಡಿ, ಕದ್ದು ಮಾಡುವುದು ಸರಿಯಲ್ಲ.

ಒಂದು ಗೊಂದಲ ತುಂಬ ಜನರಿಗೆ ಇದೆ. ಕಸ್ಟಮ್ ರಾಮ್, ಅಂದರೆ ಕಂಪನಿ ಕೊಟ್ಟ ಆಂಡ್ರಾಯ್ಡ್ ಬದಲು ಬೇರೆಯವರು ತಯಾರಿಸಿದ್ದನ್ನು ಹಾಕುವುದು ಬೇರೆ, ರೂಟ್ ಬೇರೆ. ಹಳೇ ಫೋನ್‌ಗೆ ಹೊಸ ಆಂಡ್ರಾಯ್ಡ್ ಬೇಕು ಅಂದರೆ ಲಿನೇಜ್ ಓಎಸ್ ತರದ ಕಸ್ಟಮ್ ರಾಮ್ ಹಾಕಿಕೊಳ್ಳಿ, ಅದಕ್ಕೆ ಬೂಟ್‌ಲೋಡರ್ (ಫೋನ್ ಆನ್ ಆದಾಗ ಆಂಡ್ರಾಯ್ಡನ್ನು ಶುರು ಮಾಡುವ ಪ್ರೋಗ್ರಾಂ) ಅನ್‌ಲಾಕ್ ಆದರೆ ಸಾಕು, ರೂಟ್ ಬೇಡ.

ಕಳೆದುಕೊಳ್ಳುವುದು ಏನು?

ಇದನ್ನು ಓದದೆ ಮುಂದೆ ಹೋಗಬೇಡಿ. ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಕೂಡಲೇ ಫೋನ್‌ನಲ್ಲಿರುವ ಫೋಟೋ, ನಂಬರ್, ಫೈಲ್ ಎಲ್ಲ ಅಳಿಸಿಹೋಗುತ್ತದೆ. ಅದು ತಪ್ಪಲ್ಲ, ಕದ್ದವನು ಅನ್‌ಲಾಕ್ ಮಾಡಿ ನಿಮ್ಮ ಡೇಟಾ ನೋಡಬಾರದು ಅಂತಲೇ ಹಾಗಿದೆ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳಲ್ಲಿ ಹಲವು ರೂಟ್ ಆದ ಫೋನ್‌ನಲ್ಲಿ ತೆರೆಯುವುದೇ ಇಲ್ಲ. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಅನ್ನುವ ಪರೀಕ್ಷೆ ಫೋನ್ ಬದಲಾಗಿದೆಯಾ ಅಂತ ನೋಡಿ ಆ್ಯಪ್‌ಗೆ ಹೇಳುತ್ತದೆ. ಅದರ ಕಣ್ಣು ತಪ್ಪಿಸುವ ಮಾಡ್ಯೂಲ್‌ಗಳಿವೆ, ಇವತ್ತು ನಡೆದದ್ದು ನಾಳೆ ನಡೆಯುವುದಿಲ್ಲ. ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡು ಕೊಡುವ ಹೊತ್ತಿಗೆ ಆ್ಯಪ್ ಕೈಕೊಟ್ಟರೆ ಏನು ಮಾಡುತ್ತೀರಿ? ಮುಖ್ಯ ಫೋನ್ ಬೇಡ ಅಂದದ್ದು ಇದಕ್ಕೇ. ಕೆಲವು ಫೋನ್‌ಗಳಲ್ಲಿ ವೈಡ್‌ವೈನ್ (ವಿಡಿಯೋ ನಕಲು ತಡೆಯುವ ಗೂಗಲ್‌ನ ವ್ಯವಸ್ಥೆ) ಮಟ್ಟ ಎಲ್1ರಿಂದ ಎಲ್3ಕ್ಕೆ ಇಳಿದು ಸಿನಿಮಾ ಆ್ಯಪ್‌ಗಳಲ್ಲಿ ಎಚ್‌ಡಿ ಹೋಗುತ್ತದೆ. ಸ್ಯಾಮ್‌ಸಂಗ್ ಫೋನ್‌ನಲ್ಲಿ ನಾಕ್ಸ್ ಫ್ಯೂಸ್ ಅಂತ ಇದೆ, ತಿದ್ದಿದ ಸಾಫ್ಟ್‌ವೇರ್ ಹಾಕಿ ಅದು ಒಮ್ಮೆ ಹಾರಿದರೆ ಗುಟ್ಟಿನ ಫೈಲ್ ಇಡುವ ಸೆಕ್ಯೂರ್ ಫೋಲ್ಡರ್ ಮತ್ತೆಂದೂ ಬರುವುದಿಲ್ಲ, ರೂಟ್ ತೆಗೆದರೂ ಅಷ್ಟೇ. ವಾರಂಟಿಯ ಆಸೆಯನ್ನೂ ಬಿಟ್ಟುಬಿಡಿ.

ಮಾಡುವ ವಿಧಾನ

ಉದಾಹರಣೆಗೆ ಮನೆಮನೆಯಲ್ಲೂ ಇದ್ದ ರೆಡ್‌ಮಿ ನೋಟ್ 4 ತಗೊಳ್ಳೋಣ. 2017ರ ಜನವರಿಯಲ್ಲಿ ಭಾರತಕ್ಕೆ ಬಂದದ್ದು, ಸ್ನ್ಯಾಪ್‌ಡ್ರ್ಯಾಗನ್ 625 ಚಿಪ್, 4100 ಎಂಎಎಚ್ ಬ್ಯಾಟರಿ. ಬೇರೆ ಫೋನ್‌ಗಳಲ್ಲಿ ವಿವರ ಬದಲಾಗುತ್ತದೆ, ಕ್ರಮ ಹೆಚ್ಚುಕಡಿಮೆ ಇದೇ.

ಫೋಟೋಗಳನ್ನೆಲ್ಲ ಬೇರೆ ಕಡೆ ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ತೆರೆದು ಎಂಐಯುಐ (ಶಿಯೋಮಿಯ ಆಂಡ್ರಾಯ್ಡ್ ರೂಪ) ವರ್ಷನ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಓಇಎಂ ಅನ್‌ಲಾಕಿಂಗ್, ಯುಎಸ್‌ಬಿ ಡಿಬಗಿಂಗ್ ಎರಡನ್ನೂ ಆನ್ ಮಾಡಿ, ಎಂಐ ಅನ್‌ಲಾಕ್ ಸ್ಟೇಟಸ್ ಒಳಗೆ ನಿಮ್ಮ ಎಂಐ ಅಕೌಂಟ್ ಸೇರಿಸಿ. ಈ ಹೊತ್ತಿನಲ್ಲಿ ವೈಫೈ ಬೇಡ, ಸಿಮ್‌ನ ಡೇಟಾ ಆನ್ ಇರಲಿ. ಆಮೇಲೆ ವಿಂಡೋಸ್ ಕಂಪ್ಯೂಟರ್‌ನಲ್ಲಿ ಶಿಯೋಮಿಯದೇ ಎಂಐ ಅನ್‌ಲಾಕ್ ಟೂಲ್ ಹಾಕಿಕೊಳ್ಳಿ. ಫೋನ್ ಆಫ್ ಮಾಡಿ, ವಾಲ್ಯೂಮ್ ಕಡಿಮೆ ಮಾಡುವ ಬಟನ್ ಮತ್ತು ಪವರ್ ಬಟನ್ ಒಟ್ಟಿಗೆ ಒತ್ತಿ ಹಿಡಿಯಿರಿ. ಟೋಪಿ ಹಾಕಿದ ಮೊಲ ಆಂಡ್ರಾಯ್ಡ್ ಗೊಂಬೆಯನ್ನು ರಿಪೇರಿ ಮಾಡುತ್ತಿರುವ ಚಿತ್ರ ಬಂದರೆ ಅದೇ ಫಾಸ್ಟ್‌ಬೂಟ್, ಆಂಡ್ರಾಯ್ಡ್ ಶುರುವಾಗುವ ಮುಂಚೆಯೇ ಕಂಪ್ಯೂಟರ್‌ನಿಂದ ಕಮಾಂಡ್ ತಗೊಳ್ಳುವ ಸ್ಥಿತಿ. ಕೇಬಲ್ ಸಿಕ್ಕಿಸಿ, ಅನ್‌ಲಾಕ್ ಒತ್ತಿ. ಇಷ್ಟು ಗಂಟೆ ಕಾಯಿರಿ ಅಂತ ಬರಬಹುದು, 168 ಗಂಟೆ ಅಂತ ಬಂದರೂ ಗಾಬರಿ ಬೇಡ, ಒಂದು ವಾರ ಕಾಯಬೇಕು ಅಷ್ಟೇ. ನಡುವೆ ಅಕೌಂಟ್ ತೆಗೆದು ಮತ್ತೆ ಹಾಕಬೇಡಿ, ಲೆಕ್ಕ ಮೊದಲಿಂದ ಶುರುವಾಗುತ್ತದೆ.

ಕಾಯುವಾಗ ಅಬೌಟ್ ಫೋನ್‌ನಲ್ಲಿರುವ ಎಂಐಯುಐ ವರ್ಷನ್ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅದೇ ನಂಬರಿನ ಫಾಸ್ಟ್‌ಬೂಟ್ ರಾಮ್ (ಫಾಸ್ಟ್‌ಬೂಟ್‌ನಲ್ಲಿ ಹಾಕುವ ಕಂಪನಿಯ ಪೂರ್ತಿ ಸಾಫ್ಟ್‌ವೇರ್) ಡೌನ್‌ಲೋಡ್ ಮಾಡಿ ಬಿಚ್ಚಿದರೆ ಇಮೇಜಸ್ ಫೋಲ್ಡರ್‌ನಲ್ಲಿ ಬೂಟ್ ಡಾಟ್ ಐಎಂಜಿ ಅನ್ನುವ ಫೈಲ್ ಸಿಗುತ್ತದೆ, ಫೋನ್ ಶುರುವಾಗಲು ಬೇಕಾದ ಕರ್ನಲ್ ಇರುವುದು ಇದರಲ್ಲೇ. ಒಂದು ಪ್ರತಿ ಕಂಪ್ಯೂಟರ್‌ನಲ್ಲಿ ಭದ್ರವಾಗಿ ಇಡಿ. ಇದೊಂದು ವಿಷಯದಲ್ಲಿ ಸೋಮಾರಿತನ ಮಾಡಲೇಬೇಡಿ. ನಾನು ಒಮ್ಮೆ ಬೇರೆ ಯಾರೋ ಪ್ಯಾಚ್ ಮಾಡಿ, ಅಂದರೆ ರೂಟ್‌ಗೆ ಬೇಕಾದ ಹಾಗೆ ತಿದ್ದಿ ಹಂಚಿದ್ದ ಫೈಲ್ ಹಾಕಿದೆ, ಮಾಡೆಲ್ ಅದೇ, ವರ್ಷನ್ ಬೇರೆ. ರಾತ್ರಿ ಹನ್ನೊಂದಕ್ಕೆ ಫೋನ್ ಲೋಗೋದಲ್ಲೇ ನಿಂತಿತು, ಆಫ್ ಆಗುತ್ತದೆ, ಮತ್ತೆ ಅದೇ ಲೋಗೋ. ಫಾಸ್ಟ್‌ಬೂಟ್‌ಗೆ ಹೋಗಿ ಅಸಲಿ ಬೂಟ್ ಫೈಲ್ ಹಾಕಿದ ಮೇಲೆ ಎದ್ದು ಕೂತಿತು. ಆ ಫೈಲ್ ಕೈಯಲ್ಲಿ ಇಲ್ಲದಿದ್ದರೆ ಆ ರಾತ್ರಿ ನಿದ್ದೆ ಇರುತ್ತಿರಲಿಲ್ಲ.

ಅನ್‌ಲಾಕ್ ಆದ ಮೇಲೆ ಮ್ಯಾಜಿಸ್ಕ್, ರೂಟ್ ಕೊಡುವ ಆ್ಯಪ್. 2016ರಿಂದ ಇದೆ, ಈಗ ರೂಟ್ ಅಂದರೆ ಹೆಚ್ಚಿನವರು ಹೇಳುವುದು ಇದನ್ನೇ. ಆಂಡ್ರಾಯ್ಡ್ ಕೂತಿರುವ ಸಿಸ್ಟಮ್ ಪಾರ್ಟಿಷನ್ ಮುಟ್ಟದೆ ಆ ಬೂಟ್ ಫೈಲ್ ಒಂದನ್ನೇ ತಿದ್ದುತ್ತದೆ, ಹಾಗಾಗಿ ತೆಗೆಯುವುದೂ ಸುಲಭ. ಅದನ್ನು ಗಿಟ್‌ಹಬ್‌ನ ಅಸಲಿ ಪುಟದಿಂದಲೇ ಇಳಿಸಿಕೊಳ್ಳಿ, ಅದೇ ಹೆಸರಿನ ನಕಲಿ ಸೈಟ್‌ಗಳು ಇವೆ. ಒಂದೇ ಬಟನ್‌ನಲ್ಲಿ ರೂಟ್ ಅನ್ನುವ ಆ್ಯಪ್‌ಗಳ ಹತ್ತಿರವೂ ಸುಳಿಯಬೇಡಿ, ಇಡೀ ಫೋನ್‌ನ ಬೀಗದ ಕೈಯನ್ನು ಗೊತ್ತಿಲ್ಲದವರಿಗೆ ಕೊಟ್ಟ ಹಾಗೆ.

ಬೂಟ್ ಫೈಲನ್ನು ಫೋನ್‌ಗೆ ಹಾಕಿ, ಮ್ಯಾಜಿಸ್ಕ್ ತೆರೆದು ಇನ್‌ಸ್ಟಾಲ್ ಒತ್ತಿ, ಫೈಲ್ ಆರಿಸಿ ಪ್ಯಾಚ್ ಮಾಡುವ ಆಯ್ಕೆ ಕೊಡಿ. ಡೌನ್‌ಲೋಡ್ ಫೋಲ್ಡರ್‌ನಲ್ಲಿ ಮ್ಯಾಜಿಸ್ಕ್ ಪ್ಯಾಚ್ಡ್ ಅಂತ ಶುರುವಾಗುವ ಹೊಸ ಫೈಲ್ ಬರುತ್ತದೆ. ಅದನ್ನು ಕಂಪ್ಯೂಟರ್‌ಗೆ ತಗೊಂಡು, ಫೋನನ್ನು ಮತ್ತೆ ಮೊಲದ ಪರದೆಗೆ ತನ್ನಿ. ಕಂಪ್ಯೂಟರ್‌ನಲ್ಲಿ ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ (ಎಡಿಬಿ, ಫಾಸ್ಟ್‌ಬೂಟ್ ಕಮಾಂಡ್‌ಗಳು ಇದರಲ್ಲೇ ಬರುತ್ತವೆ) ಇಳಿಸಿಕೊಂಡು ಅದರ ಫೋಲ್ಡರ್ ತೆರೆದು, ಕಮಾಂಡ್ ವಿಂಡೋದಲ್ಲಿ ಫಾಸ್ಟ್‌ಬೂಟ್ ಡಿವೈಸಸ್ ಅಂತ ಕೊಡಿ. ಒಂದು ನಂಬರ್ ಕಂಡರೆ ಸಂಪರ್ಕ ಆಗಿದೆ. ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ, ಬರೀ ಚಾರ್ಜ್ ಮಾಡುವ ಕೇಬಲ್‌ಗಳು ಎಷ್ಟೋ ಇವೆ. ಆಮೇಲೆ ಫಾಸ್ಟ್‌ಬೂಟ್ ಫ್ಲ್ಯಾಶ್ ಬೂಟ್ ಅಂತ ಬರೆದು, ಜಾಗ ಬಿಟ್ಟು ಆ ಪ್ಯಾಚ್ ಆದ ಫೈಲ್‌ನ ಹೆಸರು ಹಾಕಿ ಎಂಟರ್ ಒತ್ತಿ. ಮುಗಿದ ಮೇಲೆ ಫಾಸ್ಟ್‌ಬೂಟ್ ರೀಬೂಟ್. ಫೋನ್ ಎದ್ದ ಮೇಲೆ ಮ್ಯಾಜಿಸ್ಕ್ ತೆರೆದರೆ ಇನ್‌ಸ್ಟಾಲ್ಡ್ ಅನ್ನುವಲ್ಲಿ ವರ್ಷನ್ ನಂಬರ್ ಕಾಣಬೇಕು.

ಆಂಡ್ರಾಯ್ಡ್ 13ರ ಜೊತೆಗೇ ಮಾರುಕಟ್ಟೆಗೆ ಬಂದ ಮತ್ತು ಆಮೇಲಿನ ಎಷ್ಟೋ ಫೋನ್‌ಗಳಲ್ಲಿ ಬೂಟ್ ಬದಲು ಇನಿಟ್ ಬೂಟ್ ಅನ್ನುವ ಫೈಲ್ ಪ್ಯಾಚ್ ಮಾಡಬೇಕು. ಸ್ಯಾಮ್‌ಸಂಗ್‌ನಲ್ಲಿ ಫಾಸ್ಟ್‌ಬೂಟ್ ಇಲ್ಲ, ಓಡಿನ್ ಅನ್ನುವ ಟೂಲ್ ಬೇಕು. ವಿವೋದವರು ಬೂಟ್‌ಲೋಡರ್ ಅನ್‌ಲಾಕ್ ಮಾಡಲು ಅಧಿಕೃತ ದಾರಿ ಕೊಟ್ಟಿಲ್ಲ, ಪಿಕ್ಸೆಲ್‌ನಲ್ಲಿ ತುಂಬ ಸುಲಭ.

ಇನ್ನು ಎಸಿಸಿ. ಅದರ ಜಿಪ್ ಫೈಲನ್ನು ಮ್ಯಾಜಿಸ್ಕ್‌ನ ಮಾಡ್ಯೂಲ್ಸ್ ವಿಭಾಗದಿಂದ ಹಾಕಿ ರೀಬೂಟ್ ಮಾಡಿ. ಟರ್ಮಕ್ಸ್ (ಫೋನ್‌ನಲ್ಲೇ ಕಮಾಂಡ್ ಟೈಪ್ ಮಾಡುವ ಆ್ಯಪ್) ತೆರೆದು ಎಸ್‌ಯು ಅಂತ ಟೈಪ್ ಮಾಡಿದರೆ ರೂಟ್ ಕೊಡಲೇ ಅಂತ ಮ್ಯಾಜಿಸ್ಕ್ ಕೇಳುತ್ತದೆ, ಗ್ರಾಂಟ್ ಒತ್ತಿ. ಆಮೇಲೆ ಎಸಿಸಿ 75 70 ಅಂತ ಕೊಡಿ. ಬೇರೆ ಯಾವ ಆ್ಯಪ್ ಹೀಗೆ ಕೇಳಿದರೂ, ಯಾಕೆ ಕೇಳುತ್ತಿದೆ ಅಂತ ಗೊತ್ತಿಲ್ಲದಿದ್ದರೆ ಕೊಡಬೇಡಿ. ಊರಿನ ಕಂಬದ ಮೇಲೆ ಈಗ ಇರುವುದು ಇದೇ ನೋಟ್ 4, ಎರಡು ಅಡಿಕೆ ಸುಗ್ಗಿ ಕಳೆದಿದೆ, ಬೆನ್ನು ಇನ್ನೂ ಚಪ್ಪಟೆಯಾಗಿಯೇ ಇದೆ.

ಯಾವುದಾದರೂ ಮಾಡ್ಯೂಲ್ ಹಾಕಿ ಫೋನ್ ಏಳದೇ ಹೋದರೆ ಸೇಫ್ ಮೋಡ್‌ನಲ್ಲಿ ಒಮ್ಮೆ ಆನ್ ಮಾಡಿ, ಮ್ಯಾಜಿಸ್ಕ್ ಎಲ್ಲ ಮಾಡ್ಯೂಲ್‌ಗಳನ್ನೂ ತಾನೇ ನಿಲ್ಲಿಸುತ್ತದೆ. ರೂಟೇ ಬೇಡ ಅನ್ನಿಸಿದರೆ ಮ್ಯಾಜಿಸ್ಕ್‌ನಲ್ಲೇ ಅನ್‌ಇನ್‌ಸ್ಟಾಲ್ ಇದೆ. ಆದರೆ ಬೂಟ್‌ಲೋಡರ್ ಮತ್ತೆ ಲಾಕ್ ಮಾಡುವ ಮುಂಚೆ ಕಂಪನಿಯ ರಾಮ್ ಪೂರ್ತಿಯಾಗಿ ಹಾಕಿ, ಒಂದು ಸಲ ಆನ್ ಮಾಡಿ ನೋಡಿ. ತಿದ್ದಿದ ಬೂಟ್ ಒಳಗಿರುವಾಗಲೇ ಲಾಕ್ ಮಾಡಿದರೆ ಫೋನ್ ಏಳುವುದಿಲ್ಲ, ನೀವು ಎತ್ತಿಟ್ಟ ಆ ಬೂಟ್ ಫೈಲನ್ನು ಹಾಕಲೂ ಬಿಡುವುದಿಲ್ಲ.