ಅಂಗಿಯ ಮೇಲೆ ಕನ್ನಡ ಅಕ್ಷರ: ಇಂಕ್‌ಸ್ಟಿಚ್‌ನಲ್ಲಿ ಎಂಬ್ರಾಯ್ಡರಿ ಡಿಸೈನ್ ಮಾಡುವ ಬಗೆ

ಕನ್ನಡವನ್ನು ಯಂತ್ರದಲ್ಲಿ ಹೊಲಿಯುವಾಗ ಅಕ್ಷರದ ಅಳತೆಯನ್ನು ನಿರ್ಧರಿಸುವುದು ಒತ್ತಕ್ಷರ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಕ, ಡ ಎರಡೂ 8 ಮಿ.ಮೀ. ಎತ್ತರದಲ್ಲಿ ಓದಲು ಬರುತ್ತವೆ. ನ ಒತ್ತು ಮಾತ್ರ ಅಷ್ಟರಲ್ಲಿ ದಾರದ ಗಂಟಿನಂತೆ ಕಾಣುತ್ತದೆ. ಸಾಮಾನ್ಯವಾಗಿ ಬಳಸುವ 40 ನಂಬರಿನ ದಾರ ಸುಮಾರು 0.4 ಮಿ.ಮೀ. ದಪ್ಪ ಇರುವುದರಿಂದ, 1 ಮಿ.ಮೀ.ಗಿಂತ ಕಿರಿದಾದ ಒಳಜಾಗ ಹೊಲಿದ ಮೇಲೆ ಮುಚ್ಚಿಹೋಗುತ್ತದೆ. ಹಾಗಾಗಿ ಮೂಲ ಅಕ್ಷರಕ್ಕೆ 15 ಮಿ.ಮೀ. ಎತ್ತರ ಕೊಡಿ. ಆಗ ಒತ್ತಿಗೂ ಉಸಿರಾಡಲು ಜಾಗ ಸಿಗುತ್ತದೆ, ಇಡೀ ಪದ 100×100 ಮಿ.ಮೀ. ಹೂಪಿನೊಳಗೆ (ಹೊಲಿಯುವಾಗ ಬಟ್ಟೆಯನ್ನು ಬಿಗಿಹಿಡಿಯುವ ಚೌಕಟ್ಟು) ಆರಾಮವಾಗಿ ಕೂರುತ್ತದೆ.

ಇದಕ್ಕೆ ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ತಂತ್ರಾಂಶ ಮತ್ತು ಆ ಚಿತ್ರವನ್ನು ಹೊಲಿಗೆಯಾಗಿಸಲು ಅದರೊಳಗೆ ಸೇರಿಕೊಳ್ಳುವ ಇಂಕ್‌ಸ್ಟಿಚ್ ಎಕ್ಸ್‌ಟೆನ್ಷನ್ ಸಾಕು. ಎರಡೂ ಮುಕ್ತ ತಂತ್ರಾಂಶಗಳು, ಎರಡಕ್ಕೂ ದುಡ್ಡಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತವೆ.

ಇಂಕ್‌ಸ್ಕೇಪ್‌ನ ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಪುಟವನ್ನು ಹೂಪಿನ ಅಳತೆಗೆ ಇಟ್ಟು ಪದ ಟೈಪ್ ಮಾಡಿ. ಫಾಂಟ್ ಯೂನಿಕೋಡ್ ಆಗಿರಲಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಈ ಕೆಲಸಕ್ಕೆ ಒಗ್ಗುತ್ತವೆ. ಹಳೆಯ ಆಸ್ಕಿ ನುಡಿ ಕಡತದಿಂದ ನಕಲು ಮಾಡಿದ ಪಠ್ಯ ಇಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಅಕ್ಷರವನ್ನು ‘ಆಬ್ಜೆಕ್ಟ್ ಟು ಪಾತ್’ ಮಾಡಿ, ಅಂದರೆ ಬರೀ ಹೊರಗೆರೆಯ ಆಕಾರವಾಗಿಸಿ, ಹಾಗೆಯೇ ಬಿಟ್ಟರೆ ಇಂಕ್‌ಸ್ಟಿಚ್ ಅದನ್ನು ಒಂದೇ ಕೋನದಲ್ಲಿ ಸಾಲುಸಾಲಾಗಿ ತುಂಬುತ್ತದೆ. ಬೆನ್ನಿನ ಮೇಲಿನ ದೊಡ್ಡ ಅಕ್ಷರಕ್ಕೆ ಅದು ನಡೆಯುತ್ತದೆ. ಎದೆಯ ಮೇಲಿನ ಸಣ್ಣ ಅಕ್ಷರಕ್ಕೆ ನಡೆಯದು: ನಮ್ಮ ದುಂಡಗಿನ ತಿರುವುಗಳ ಅಂಚು ಹಲ್ಲುಹಲ್ಲಾಗುತ್ತದೆ. ಇಲ್ಲಿ ಬೇಕಾದದ್ದು ಸ್ಯಾಟಿನ್ ಹೊಲಿಗೆ. ಅದು ಗೆರೆಯ ಅಡ್ಡಕ್ಕೆ ಹೋಗಿಬರುತ್ತ ತಿರುವಿನ ಜೊತೆಗೇ ತಿರುಗುತ್ತದೆ.

ಪಠ್ಯದ ಅಪಾರದರ್ಶಕತೆಯನ್ನು 30%ಕ್ಕೆ ಇಳಿಸಿ, ಆ ಪದರವನ್ನು ಲಾಕ್ ಮಾಡಿ. ಹೊಸ ಪದರದಲ್ಲಿ ಪೆನ್ ಟೂಲ್ ಹಿಡಿದು ಪ್ರತಿ ಅಕ್ಷರದ ನಡುಗೆರೆಯನ್ನು, ಕೈಯಲ್ಲಿ ಬರೆಯುವ ದಿಕ್ಕಿನಲ್ಲೇ, ಎಳೆಯಿರಿ. ನೋಡ್‌ಗಳು (ಗೆರೆಯ ಮೇಲಿನ ಹಿಡಿತದ ಬಿಂದುಗಳು) ಕಡಿಮೆಯಿದ್ದಷ್ಟೂ ತಿರುವು ನಯ. ಗೆರೆ ತನ್ನನ್ನೇ ದಾಟುವ ಕಡೆ, ಚೂಪಾಗಿ ಮುರಿಯುವ ಕಡೆ ಅದನ್ನು ಎರಡು ತುಂಡು ಮಾಡಿ, ತುದಿಗಳು ಅರ್ಧ ಮಿ.ಮೀ.ನಷ್ಟು ಒಂದರ ಮೇಲೊಂದು ಬರಲಿ. ಫಿಲ್ ತೆಗೆದುಹಾಕಿ, ಗೆರೆಯ ದಪ್ಪ ಮೂಲ ಅಕ್ಷರಕ್ಕೆ 1.5 ಮಿ.ಮೀ., ಒತ್ತಿಗೆ 1.2 ಮಿ.ಮೀ. ಇರಲಿ. ಒತ್ತಿನ ಸುರುಳಿಯನ್ನು ಫಾಂಟಿನಲ್ಲಿರುವುದಕ್ಕಿಂತ ತುಸು ಅಗಲಿಸಿ ಬರೆಯುವುದು ಒಳ್ಳೆಯದು. ಅಂದವಾದ ಅಚ್ಚಕ್ಷರವೆಲ್ಲ ದಾರದಲ್ಲಿ ಅಂದವಾಗಿ ಬರುವುದಿಲ್ಲ. ಎಲ್ಲ ಗೆರೆಗಳನ್ನೂ ಆಯ್ದು ‘ಕನ್ವರ್ಟ್ ಲೈನ್ ಟು ಸ್ಯಾಟಿನ್’ ಕೊಡಿ; ಆಮೇಲೆ ಒಂದೊಂದೇ ಅಕ್ಷರದ ತುಂಡುಗಳನ್ನು ಆಯ್ದು ‘ಆಟೋ ರೂಟ್ ಸ್ಯಾಟಿನ್’ ಕೊಟ್ಟರೆ ಅನಗತ್ಯ ದಾರದ ಜಿಗಿತಗಳು ಕಡಿಮೆಯಾಗುತ್ತವೆ.

ಪ್ಯಾರಾಮ್ಸ್ ಕಿಟಕಿಯಲ್ಲಿ ಜಿಗ್‌ಜಾಗ್ ಅಂತರ 0.4 ಮಿ.ಮೀ. ಇರಲಿ. ಅಂತರ ಇದಕ್ಕಿಂತ ಕಡಿಮೆಯಾದರೆ ತೆಳು ಬಟ್ಟೆ ಸುಕ್ಕುಗಟ್ಟುತ್ತದೆ. ಬಿಗಿಯಾದ ಹೊಲಿಗೆ ಬಟ್ಟೆಯನ್ನು ಒಳಕ್ಕೆಳೆಯುವುದರಿಂದ ಅಕ್ಷರ ನೀವು ಬರೆದದ್ದಕ್ಕಿಂತ ಸಣಕಲಾಗುತ್ತದೆ. ಅದಕ್ಕೆ ಪುಲ್ ಕಾಂಪೆನ್ಸೇಷನ್ (ಈ ಎಳೆತಕ್ಕೆ ಪ್ರತಿಯಾಗಿ ಹೊಲಿಗೆಯನ್ನು ಅಗಲಿಸುವ ಅಳತೆ) ಅನ್ನು ಕಾಟನ್ ಅಂಗಿಗೆ 0.1, ಟೀ ಶರ್ಟಿಗೆ 0.2 ಮಿ.ಮೀ.ಯಿಂದ ಶುರುಮಾಡಿ. ಅಡಿಹೊಲಿಗೆಯಾಗಿ ನಡುಗೆರೆಯಲ್ಲಿ ಸಾಗುವ ‘ಸೆಂಟರ್ ವಾಕ್’ ಆಯ್ದುಕೊಳ್ಳಿ. ಅದನ್ನು ಬಿಟ್ಟರೆ ಸ್ಯಾಟಿನ್ ಬಟ್ಟೆಯೊಳಗೆ ಹುದುಗುತ್ತದೆ. ಹೊಲಿಯುವ ಕ್ರಮವೆಂದರೆ ಆಬ್ಜೆಕ್ಟ್ಸ್ ಪಟ್ಟಿಯಲ್ಲಿ ಕೆಳಗಿರುವುದು ಮೊದಲು. ಸಿಮ್ಯುಲೇಟರಿನಲ್ಲಿ ಒಮ್ಮೆ ಪೂರ್ತಿ ಓಡಿಸಿ ನೋಡಿ.

ಉಳಿಸುವಾಗ ಮೊದಲು ಎಸ್‌ವಿಜಿ (ಮತ್ತೆ ತಿದ್ದಬಹುದಾದ ಮೂಲ ಕಡತ), ನಂತರ ಯಂತ್ರದ ಕಡತ: ಬ್ರದರ್‌ಗೆ ಪಿಇಎಸ್, ಉಷಾ ಜನೋಮ್‌ಗೆ ಜೆಇಎಫ್, ಅಂಗಡಿಯ ದೊಡ್ಡ ಯಂತ್ರಗಳಿಗೆ ಡಿಎಸ್‌ಟಿ. ಡಿಎಸ್‌ಟಿಯಲ್ಲಿ ಬಣ್ಣದ ವಿವರ ಇರುವುದಿಲ್ಲ. ರಾಜ್ಯೋತ್ಸವಕ್ಕೆಂದು ಹಳದಿ, ಕೆಂಪು ಎರಡನ್ನೂ ಬಳಸಿದ್ದರೆ ಯಾವುದು ಮೊದಲೆಂದು ಚೀಟಿಯಲ್ಲಿ ಬರೆದುಕೊಡಿ.

ಕಾಟನ್ ಅಂಗಿಯ ಅಡಿಗೆ ಹರಿದು ತೆಗೆಯುವ ಬ್ಯಾಕಿಂಗ್ ಪೇಪರ್, 75/11 ಸೂಜಿ. ಟೀ ಶರ್ಟಿಗೆ ಹರಿಯದ, ಕತ್ತರಿಯಲ್ಲೇ ಕತ್ತರಿಸಬೇಕಾದ ಬ್ಯಾಕಿಂಗ್ ಮತ್ತು ಬಾಲ್‌ಪಾಯಿಂಟ್ ಸೂಜಿ. ಬಟ್ಟೆ ಹೂಪಿನಲ್ಲಿ ಬಿಗಿಯಾಗಿರಬೇಕು, ಆದರೆ ಎಳೆದು ಹಿಗ್ಗಿಸಬಾರದು: ಹಿಗ್ಗಿಸಿ ಹೊಲಿದದ್ದು ಹೂಪ್ ಬಿಚ್ಚಿದೊಡನೆ ಮುದುಡುತ್ತದೆ. ಹೊಲಿದ ಜೇಬಿನ ಮೇಲೆ ಡಿಸೈನ್ ಇಟ್ಟರೆ ಜೇಬೇ ಮುಚ್ಚಿಹೋಗುತ್ತದೆ; ಜೇಬಿನ ಅಂಚಿನಿಂದ 1.5 ಸೆಂ.ಮೀ. ಮೇಲೆ ಹೊಲಿಯಿರಿ. ತೋಳು, ಬೆನ್ನಿನ ಬಟ್ಟೆ ಹೂಪಿನ ಅಡಿಗೆ ಸಿಕ್ಕಿಕೊಳ್ಳದಂತೆ ಕ್ಲಿಪ್ ಹಾಕಿ. ವೇಗ ಮಿನಿಟಿಗೆ 600 ಹೊಲಿಗೆ ಮೀರದಿರಲಿ.

ಅದೇ ಬಗೆಯ ಹಳೆ ಬಟ್ಟೆಯ ಮೇಲೆ ಮೊದಲು ಹೊಲಿದು ನೋಡಲೇಬೇಕು. ಬಾಬಿನ್‌ನ (ಅಡಿದಾರದ ಸುರುಳಿಯ) ಬಿಳಿ ದಾರ ಮೇಲೆ ಇಣುಕಿದರೆ ಮೇಲಿನ ದಾರದ ಟೆನ್ಷನ್ (ಬಿಗಿತ) ಸಡಿಲಿಸಿ. ಅಡಿಯಲ್ಲಿ ದಾರ ಗುಂಪುಗಟ್ಟಿದರೆ ಬಾಬಿನ್ ಮುಟ್ಟುವ ಮೊದಲು ಮೇಲಿನ ದಾರವನ್ನು, ಪ್ರೆಸರ್ ಫೂಟ್ ಎತ್ತಿಟ್ಟು, ಮತ್ತೆ ಪೋಣಿಸಿ. ಬಹುಪಾಲು ತಪ್ಪು ಅಲ್ಲೇ ಇರುತ್ತದೆ. ತುಂಡುಗಳ ನಡುವೆ ಬಟ್ಟೆ ಕಂಡರೆ ಕಾಂಪೆನ್ಸೇಷನ್ 0.05 ಹೆಚ್ಚಿಸಿ. ಅಕ್ಷರ ಚಿಕ್ಕದೋ ದೊಡ್ಡದೋ ಅನ್ನಿಸಿದರೆ ಯಂತ್ರದ ಪರದೆಯಲ್ಲಿ ಹಿಗ್ಗಿಸಬೇಡಿ, ಹಲವು ಯಂತ್ರಗಳಲ್ಲಿ ಹೊಲಿಗೆಗಳ ಸಂಖ್ಯೆ ಹಾಗೇ ಉಳಿದು ಅಂತರ ಕೆಡುತ್ತದೆ. ಎಸ್‌ವಿಜಿ ತೆರೆದು ಅಳತೆ ಬದಲಿಸಿ, ಹೊಸದಾಗಿ ಉಳಿಸಿ.